48, 49, 50: ನಮ್ಮ ತಾಯಿಕಡೆಯವರು ಮಾಡಿಸಿದ ಜೀನ್ ಪರೀಕ್ಷೆ

ನಮ್ಮ ಅಕ್ಕನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಇದೆ. ಡಾಕ್ಟರುಗಳು ಚಿಕ್ಕದಾಗಿ ಡಿಎಂಡಿ ಅಂತಾರೆ. ವರ್ಷ ಕಳೆದಂತೆ ಮೈಯ ಸ್ನಾಯುಗಳು ಸವೆದು ಸೋಲುವ ಕಾಯಿಲೆ ಇದು. ಅವನಿಗೆ ಇದು ಗೊತ್ತಾದ ಮೇಲೆ ಅಕ್ಕ, ಅವ್ವ, ನಾನು, ಕಡೆಗೆ ದೊಡ್ಡವ್ವ, ಹೀಗೆ ತಾಯಿಕಡೆಯ ಹೆಂಗಸರೆಲ್ಲ ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆವು. ಬಾಗಲಕೋಟೆ ಕಡೆ ಇದನ್ನು ಮಾಡಿಸಿದವರು ನಮಗೆ ಯಾರೂ ಸಿಗಲಿಲ್ಲ. ಯಾರನ್ನು ಕೇಳಬೇಕು, ಯಾವ ಕಾಗದ ಒಯ್ಯಬೇಕು, ಬಂದ ರಿಪೋರ್ಟಿನಲ್ಲಿ ಏನು ನೋಡಬೇಕು, ಎಲ್ಲವನ್ನೂ ಒಂದೊಂದಾಗಿ ತಿಳಿದುಕೊಂಡೆವು. ಅದನ್ನೇ ಬರೆಯುತ್ತಿದ್ದೇನೆ. ಮನೆಯಲ್ಲಿ ಇಂಥ ಮಗು ಇದ್ದರೆ ಅದರ ತಾಯಿ, ಚಿಗವ್ವ, ದೊಡ್ಡವ್ವ ಇದನ್ನು ಓದಬೇಕು ಅನ್ನುವುದು ನನ್ನ ಆಸೆ.

ಮೊದಲು ನಮ್ಮ ಸಂಬಂಧ ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ಮುಂದಿನದು ತಿಳಿಯುವುದಿಲ್ಲ. ಅಕ್ಕನನ್ನು ಕೊಟ್ಟದ್ದು ಅವ್ವನ ತಮ್ಮನಿಗೆ, ಅಂದರೆ ನಮ್ಮ ಸ್ವಂತ ಸೋದರಮಾವನಿಗೆ. ಬೀಳಗಿ ತಾಲ್ಲೂಕಿನ ಹಳ್ಳಿ, ಕಬ್ಬಿನ ಹೊಲ. ಹಾಗಾಗಿ ನಮ್ಮ ಆಯಿ ಅಕ್ಕನಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಆಯಿಗೆ ಇನ್ನೊಬ್ಬ ಮಗ ಇದ್ದ, ಮಾಮಾನಿಗಿಂತ ದೊಡ್ಡವನು. 17ನೇ ವಯಸ್ಸಿಗೆ ತೀರಿಕೊಂಡ. ಪೋಲಿಯೊ ಆಗಿ ಕಾಲು ಹೋಗಿತ್ತು ಅಂತ ನಾವು ಸಣ್ಣವರಿದ್ದಾಗಿನಿಂದ ಕೇಳಿದ್ದೆವು. ಅವ್ವನಿಗೆ ಒಬ್ಬ ಅಕ್ಕನೂ ಇದ್ದಾಳೆ, ಜಮಖಂಡಿಯಲ್ಲಿ. ನಾನು ಬಾಗಲಕೋಟೆಯ ನವನಗರದಲ್ಲಿ ಅವ್ವ ಅಪ್ಪನ ಜೊತೆ ಇದ್ದೇನೆ. ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ.

ಅಕ್ಕನ ಮಗ ನಡೆಯಲು ಕಲಿತದ್ದೇ ತಡ. ನಾಲ್ಕು ವರ್ಷಕ್ಕೆ ಬಂದರೂ ಓಡುವಾಗ ಬೀಳುತ್ತಿದ್ದ. ಮುಂಗಾಲಿನ ಮೇಲೆ ನಡೆಯುತ್ತಿದ್ದ. ಮೀನಖಂಡ ಮಾತ್ರ ದಪ್ಪಗೆ, ಗಟ್ಟಿಯಾಗಿ ಇದ್ದವು. ನೋಡಿದವರೆಲ್ಲ ಪೈಲ್ವಾನನ ಕಾಲು ಅಂತ ಹೊಗಳುತ್ತಿದ್ದರು. ಡಿಎಂಡಿಯಲ್ಲಿ ಮೀನಖಂಡ ಹೀಗೇ ಉಬ್ಬುತ್ತದೆ, ಆದರೆ ಅಲ್ಲಿ ಶಕ್ತಿ ಇರುವುದಿಲ್ಲ. ಸ್ನಾಯು ಸತ್ತ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಂಡಿರುತ್ತದೆ. ಇದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ.

ಮೊದಲು ಗುರುತು ಹಿಡಿದವಳು ಆಯಿ. ಹುಡುಗ ನೆಲದ ಮೇಲಿಂದ ಏಳುವಾಗ ಮೊದಲು ಮಗುಚಿ ಅಂಗೈ ಊರಿ, ಆಮೇಲೆ ಮೊಣಕಾಲ ಮೇಲೆ, ತೊಡೆಯ ಮೇಲೆ ಕೈ ಇಟ್ಟುಕೊಳ್ಳುತ್ತಾ ತನ್ನ ಮೈಯನ್ನೇ ಹತ್ತಿದ ಹಾಗೆ ಏಳುತ್ತಿದ್ದ. "ನಮ್ಮ ದೊಡ್ಡಾವನೂ ಹಿಂಗ ತೊಡಿ ಹಿಡಕೊಂಡು ಏಳತಿದ್ದ" ಅಂದಳು ಆಯಿ. ಅವತ್ತು ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಏಳುವುದಕ್ಕೆ ಡಾಕ್ಟರುಗಳು ಗೋವರ್ಸ್ ಲಕ್ಷಣ ಅನ್ನುತ್ತಾರೆ. ವಿಲಿಯಂ ಗೋವರ್ಸ್ ಎಂಬ ಇಂಗ್ಲಿಷ್ ವೈದ್ಯ 1879ರಲ್ಲಿ ಇದನ್ನು ವಿವರವಾಗಿ ಬರೆದಿದ್ದರು. ಓದು ಬಾರದ ನಮ್ಮ ಆಯಿ ಮಗನನ್ನು ನೋಡಿ ನೋಡಿ ಅದನ್ನೇ ಕಂಡುಕೊಂಡಿದ್ದಳು.

ಕಾಯಿಲೆ ಗೊತ್ತಾಗುವ ಮೊದಲು ಒಂದು ಸುತ್ತು ತಪ್ಪು ದಾರಿಯಲ್ಲಿ ಹೋದೆವು. ಜ್ವರ ಬಂದಾಗ ರಕ್ತ ತೆಗೆದ ಒಂದು ಆಸ್ಪತ್ರೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಇದೆ, ಲಿವರ್ ತೊಂದರೆ ಅಂದರು. ತಿಂಗಳುಗಟ್ಟಲೆ ಲಿವರಿನ ಔಷಧಿ, ಎಣ್ಣೆ ಇಲ್ಲದ ಊಟ, ಕಾಮಾಲೆಗೆ ನಾಟಿ ಔಷಧಿ, ಎಲ್ಲಾ ಆಯಿತು. ಈ ಎರಡು ಅಂಶಗಳು ಲಿವರಿನಲ್ಲಿ ಇರುವ ಹಾಗೆ ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಒಡೆದರೂ ರಕ್ತದಲ್ಲಿ ಅವು ಏರುತ್ತವೆ. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ಹುಡುಗ ನಡೆದು ಬರುವುದನ್ನು ಬಾಗಿಲಲ್ಲೇ ನೋಡಿ ಸಿಪಿಕೆ ಪರೀಕ್ಷೆ ಬರೆದುಕೊಟ್ಟರು. ಸ್ನಾಯು ಒಡೆದಾಗ ರಕ್ತಕ್ಕೆ ಸೋರುವ ಒಂದು ಅಂಶವನ್ನು ಅದು ಅಳೆಯುತ್ತದೆ. ಸಾಮಾನ್ಯವಾಗಿ ಅದು 200ರ ಆಸುಪಾಸಿನಲ್ಲಿ ಇರಬೇಕು. ಇವನದು 15 ಸಾವಿರ ದಾಟಿತ್ತು. ಬೀಳುವ, ಮೆಟ್ಟಿಲು ಹತ್ತಲಾರದ ಗಂಡುಮಗುವಿಗೆ ಲಿವರ್ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ, ದಯವಿಟ್ಟು ಒಂದು ಸಲ ಸಿಪಿಕೆ ಮಾಡಿಸಿ. ದೊಡ್ಡ ಖರ್ಚಿನದಲ್ಲ, ಜಿಲ್ಲಾ ಊರುಗಳಲ್ಲೇ ಆಗುತ್ತದೆ.

ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಲು ಹೇಳಿದರು. ಬಾಗಲಕೋಟೆಯವರಿಗೆ ಬೆಂಗಳೂರು ಅಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸು. ಮಲಗಿ ಎದ್ದರೆ ಬೆಂಗಳೂರು. ಗಣಿತದ ಟೀಚರು, ಇಂಗ್ಲಿಷ್ ಓದುತ್ತಾಳೆ ಅಂತ ಅಕ್ಕ ಮಾಮಾನ ಜೊತೆ ನನ್ನನ್ನೂ ಕಳಿಸಿದರು.

ಮೊದಲೆಲ್ಲ ಈ ಕಾಯಿಲೆ ಹಿಡಿಯಲು ಸ್ನಾಯುವಿನ ಚೂರು ಕತ್ತರಿಸಿ ತೆಗೆಯುತ್ತಿದ್ದರಂತೆ. ಈಗ ರಕ್ತ ಸಾಕು. ಕೆಲಸ ಮಾಡದ ಜೀನು ಯಾವುದು ಅಂತ 1986ರಲ್ಲಿ ಅಮೆರಿಕದ ಲೂಯಿ ಕುಂಕೆಲ್ ಅವರ ತಂಡ ಪತ್ತೆ ಮಾಡಿತು. ಮರುವರ್ಷ ಆ ಜೀನು ಕಟ್ಟುವ ಪ್ರೋಟೀನೂ ಸಿಕ್ಕಿತು. ಅದಕ್ಕೆ ಡಿಸ್ಟ್ರೋಫಿನ್ ಅಂತ ಹೆಸರಿಟ್ಟರು. ಸ್ನಾಯುವಿನ ಕೋಶ ಸಂಕುಚಿಸಿ ಹಿಗ್ಗುವಾಗ ಅದರ ಹೊದಿಕೆ ಹರಿಯದಂತೆ ಹಿಡಿದುಕೊಳ್ಳುವುದು ಈ ಪ್ರೋಟೀನಿನ ಕೆಲಸ. ಅದು ಇಲ್ಲದಿದ್ದರೆ ನಡೆದಾಗ, ಮೆಟ್ಟಿಲು ಇಳಿದಾಗ ಹೊದಿಕೆ ಹರಿದು ಹರಿದು ಕೋಶ ಸಾಯುತ್ತದೆ. ಹೃದಯವೂ ಸ್ನಾಯುವೇ ಅಲ್ವಾ, ಹಾಗಾಗಿ ಅದಕ್ಕೂ ಪೆಟ್ಟು ಬೀಳುತ್ತದೆ.

ಮನುಷ್ಯನ ಅತಿ ಉದ್ದದ ಜೀನುಗಳಲ್ಲಿ ಇದೂ ಒಂದು. ಜೀನು ಬರೆದಿರುವ ಡಿಎನ್‌ಎ ಅಕ್ಷರಗಳಲ್ಲಿ ಎಣಿಸಿದರೆ ಸುಮಾರು 22 ಲಕ್ಷ ಅಕ್ಷರ. ಅದರಲ್ಲಿ ಪ್ರೋಟೀನಿಗೆ ಬೇಕಾದ ಭಾಗ 79 ತುಂಡುಗಳಾಗಿ ಹಂಚಿಹೋಗಿದೆ. ಒಂದೊಂದು ತುಂಡಿಗೆ ಎಕ್ಸಾನ್ ಅಂತಾರೆ. ಇಷ್ಟು ಉದ್ದ ಇರುವುದರಿಂದಲೇ ನಕಲು ಆಗುವಾಗ ತಪ್ಪಾಗುವ ಅವಕಾಶವೂ ಜಾಸ್ತಿ. ಹತ್ತು ಹುಡುಗರಲ್ಲಿ ಆರೇಳು ಮಂದಿಗೆ ಒಂದೋ ಹಲವೋ ಎಕ್ಸಾನು ಪೂರ್ತಿ ಬಿಟ್ಟುಹೋಗಿರುತ್ತವೆ. ಸುಮಾರು ಒಬ್ಬನಿಗೆ ಎಕ್ಸಾನು ಎರಡೆರಡು ಸಲ ಬಂದಿರುತ್ತದೆ. ಉಳಿದವರಲ್ಲಿ ಒಂದೆರಡು ಅಕ್ಷರ ಮಾತ್ರ ಬದಲಾಗಿರುತ್ತದೆ.

ಎಂಎಲ್‌ಪಿಎ ಅನ್ನುವ ಪರೀಕ್ಷೆ 79 ಎಕ್ಸಾನುಗಳೂ ಇವೆಯೋ ಇಲ್ಲವೋ, ಎಷ್ಟೆಷ್ಟು ಇವೆ ಅಂತ ಎಣಿಸುತ್ತದೆ. ಅಕ್ಷರ ತಪ್ಪನ್ನು ಅದು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅದಕ್ಕೆ ಜೀನನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಬೇಕು. ನಾವು ಕಾಯುತ್ತಾ ಕುಳಿತಲ್ಲಿ ವಿಜಯಪುರದ ಒಬ್ಬ ತಂದೆ ಸಿಕ್ಕಿದರು. ಮಗನ ಎಂಎಲ್‌ಪಿಎ ನಾರ್ಮಲ್ ಬಂದಿದೆ, ಕಾಯಿಲೆ ಇಲ್ಲ ಅಂತ ಊರಲ್ಲಿ ಪೇಡೆ ಹಂಚಿದ್ದರು. ಹುಡುಗ ಬೀಳುವುದು ನಿಲ್ಲಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಒಂದೇ ಒಂದು ಅಕ್ಷರದ ತಪ್ಪು ಸಿಕ್ಕಿತು. ಅದನ್ನು ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು. ಎಂಎಲ್‌ಪಿಎ ನಾರ್ಮಲ್ ಅಂದರೆ ಪರೀಕ್ಷೆ ಅರ್ಧಕ್ಕೆ ಬಂದಿದೆ ಅಂತಲೇ ತಿಳಿಯಿರಿ.

ನಮ್ಮ ಹುಡುಗನ ರಿಪೋರ್ಟಿನಲ್ಲಿ 48ರಿಂದ 50ರವರೆಗಿನ ಎಕ್ಸಾನ್ ಡಿಲೀಷನ್ ಅಂತ ಇತ್ತು, ಅಂದರೆ ಆ ಮೂರು ಎಕ್ಸಾನು ಬಿಟ್ಟುಹೋಗಿವೆ. ಪಕ್ಕದಲ್ಲಿ ಔಟ್ ಆಫ್ ಫ್ರೇಮ್ ಅಂತ ಬರೆದಿತ್ತು. ನಾನು ಮೊದಲು ಅಂದುಕೊಂಡದ್ದು, 79ರಲ್ಲಿ ಮೂರೇ ಇಲ್ಲ, ಹಾಗಾದರೆ ಕಾಯಿಲೆ ಸ್ವಲ್ಪವೇ ಇರಬೇಕು ಅಂತ. ಆನುವಂಶಿಕ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಹೇಳುವ ಅಲ್ಲಿಯ ಜೆನೆಟಿಕ್ ಕೌನ್ಸೆಲರ್ ಮೇಡಂ ಒಂದು ಹಾಳೆ ತೆಗೆದುಕೊಂಡು ನಾಲ್ಕು ಪದ ಬರೆದರು:

ಅವನು ಮನೆಗೆ ಬರಲು ಹೊರಟ.

ಪ್ರತಿ ಪದಕ್ಕೂ ಮೂರೇ ಅಕ್ಷರ. ಕೋಶವೂ ಜೀನನ್ನು ಮೂರು ಮೂರು ಅಕ್ಷರವಾಗಿಯೇ ಓದುತ್ತದೆ ಅಂದರು. ಈಗ "ಮ" ಒಂದನ್ನು ಅಳಿಸಿ, ಮತ್ತೆ ಮೂರು ಮೂರಾಗಿ ಓದಿ: ಅವನು ನೆಗೆಬ ರಲುಹೊ ರಟ. ಹೋದದ್ದು ಒಂದೇ ಅಕ್ಷರ, ಆದರೆ ಮುಂದಿನದೆಲ್ಲ ಕೆಟ್ಟಿತು. ಔಟ್ ಆಫ್ ಫ್ರೇಮ್ ಅಂದರೆ ಇದೇ. ಅದೇ "ಮನೆಗೆ" ಅನ್ನುವ ಪೂರ್ತಿ ಪದ ಹೋಗಿದ್ದರೆ? ಅವನು ಬರಲು ಹೊರಟ. ಒಂದು ಪದ ಕಡಿಮೆ, ಆದರೂ ಅರ್ಥ ಉಳಿಯಿತು.

ಆಮೇಲೆ ನಮ್ಮದೇ ಲೆಕ್ಕ ಹಾಕಿದರು. 48ನೇ ಎಕ್ಸಾನಿನಲ್ಲಿ 186 ಅಕ್ಷರ, 49ರಲ್ಲಿ 102, 50ರಲ್ಲಿ 109. ಒಟ್ಟು 397. ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಆ ಒಂದು ಶೇಷವೇ ನಮ್ಮ ಹುಡುಗನ ಕಾಯಿಲೆ. ಮಕ್ಕಳಿಗೆ ದಿನಾ ಭಾಗಾಕಾರ ಕಲಿಸುವ ನನಗೆ ಆ ಹಾಳೆಯ ಮೇಲಿಂದ ಕಣ್ಣು ಕೀಳಲಾಗಲಿಲ್ಲ.

45, 46, 47 ಈ ಮೂರು ಹೋಗಿದ್ದರೆ ಒಟ್ಟು 474 ಅಕ್ಷರ, ಮೂರರಿಂದ ಸರಿಯಾಗಿ ಹೋಗುತ್ತದೆ. ಆಗ ಗಿಡ್ಡವಾದರೂ ಕೆಲಸಕ್ಕೆ ಬರುವ ಡಿಸ್ಟ್ರೋಫಿನ್ ತಯಾರಾಗುತ್ತದೆ. ಕಾಯಿಲೆ ಬೆಕರ್ ಎಂಬ ಸೌಮ್ಯ ರೂಪದಲ್ಲಿ ಬರುತ್ತದೆ, ನಡುವಯಸ್ಸಿನವರೆಗೂ ನಡೆಯುವವರಿದ್ದಾರೆ. 45ರಿಂದ 55ರವರೆಗೆ ಹನ್ನೊಂದು ಎಕ್ಸಾನು ಇಲ್ಲದಿದ್ದರೂ ತೀರಾ ಕಡಿಮೆ ತೊಂದರೆ ಇರುವ ಗಂಡಸರೂ ಇದ್ದಾರಂತೆ. ಎಷ್ಟು ಹೋಯಿತು ಅನ್ನುವುದಕ್ಕಿಂತ ಉಳಿದದ್ದು ಸರಿಯಾಗಿ ಜೋಡಿಸಿಕೊಳ್ಳುತ್ತದೆಯೋ ಅನ್ನುವುದೇ ಮುಖ್ಯ. ಹತ್ತರಲ್ಲಿ ಒಂಬತ್ತು ಸಲ ಈ ಲೆಕ್ಕ ಸರಿಹೋಗುತ್ತದೆ, ಒಮ್ಮೊಮ್ಮೆ ತಪ್ಪುತ್ತದೆ, ಹಾಗಾಗಿ ಮಗುವನ್ನೂ ನೋಡಬೇಕು, ಬರೀ ಕಾಗದ ನೋಡಬಾರದು ಅಂತ ಮೇಡಂ ಎಚ್ಚರಿಸಿದರು.

ಊರಿಗೆ ಬಂದ ಮೇಲೆ ಶುರುವಾಯಿತು ನಿಜವಾದ ಕಷ್ಟ. "ಒಳಗಿಂದೊಳಗ ಕೊಟ್ಟು ತಗೊಂಡ್ರ ಹಿಂಗ ಆಗತೈತಿ" ಅಂತ ಓಣಿಯವರು ಎದುರಿಗೇ ಅಂದರು. ಮಾಮಾ ಕುಗ್ಗಿಹೋದ. ತಾನು ಅಕ್ಕನ ಮಗಳನ್ನು ಮಾಡಿಕೊಂಡದ್ದೇ ತಪ್ಪಾಯಿತು ಅಂತ ಅವನಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು.

ಇದರಲ್ಲಿ ಮಾಮಾನ ಪಾತ್ರ ಏನೂ ಇಲ್ಲ. ಡಿಸ್ಟ್ರೋಫಿನ್ ಜೀನು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಅಪ್ಪನಿಂದ ಬರುವುದು ವೈ, ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಅಕ್ಕನನ್ನು ಬೆಳಗಾವಿಗೆ ಕೊಟ್ಟಿದ್ದರೂ, ಬೆಂಗಳೂರಿಗೆ ಕೊಟ್ಟಿದ್ದರೂ ಈ ಮಗನಿಗೆ ಈ ಕಾಯಿಲೆ ಬರುವ ಸಾಧ್ಯತೆ ಅಷ್ಟೇ ಇರುತ್ತಿತ್ತು. ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅವರಿಗೆ ವಾಹಕಿ ಅಂತಾರೆ. ವಾಹಕಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆ ಅರ್ಧ. ಆಯಿಯ ಇಬ್ಬರು ಗಂಡುಮಕ್ಕಳನ್ನೇ ನೋಡಿ. ದೊಡ್ಡವನಿಗೆ ಬಂದದ್ದು ಪೋಲಿಯೊ ಅಲ್ಲ, ಇದೇ, ಅದನ್ನು ಮುಂದೆ ಹೇಳುತ್ತೇನೆ. ಮಾಮಾನಿಗೆ ಬರಲಿಲ್ಲ.

ಒಳಸಂಬಂಧ ಲೆಕ್ಕಕ್ಕೆ ಬರುವ ಬೇರೆ ಡಿಸ್ಟ್ರೋಫಿಗಳಿವೆ. ಆಸ್ಪತ್ರೆಯಲ್ಲಿ ನಮ್ಮ ಪಕ್ಕ ಗೋಕಾಕ ಕಡೆಯ ಗಂಡ ಹೆಂಡತಿ ಕುಳಿತಿದ್ದರು, ಅತ್ತೆ ಮಾವನ ಮಕ್ಕಳು. ಅವರ ಮಗಳಿಗೂ ಮಗನಿಗೂ ಸೊಂಟ, ತೊಡೆಯ ಸ್ನಾಯು ಸೋತಿದ್ದವು. ಡಿಎಂಡಿ ಹುಡುಗಿಯರಲ್ಲಿ ಹೀಗೆ ಕಾಣುವುದು ಬಹಳ ಅಪರೂಪ, ಹಾಗಾಗಿ ಡಾಕ್ಟರು ಬೇರೆ ಕಡೆ ಹುಡುಕಿ ಸಾರ್ಕೋಗ್ಲೈಕನ್ ಎಂಬ ಪ್ರೋಟೀನಿನ ಜೀನಿನಲ್ಲಿ ತಪ್ಪು ಕಂಡುಹಿಡಿದಿದ್ದರು. ಅದು ಲಿಂಬ್ ಗರ್ಡಲ್ ಎಂಬ ಗುಂಪಿನ ಕಾಯಿಲೆ. ಅವರ ಮಕ್ಕಳಿಗೆ ಬಂದ ಬಗೆಯಲ್ಲಿ ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡೂ ಕೆಟ್ಟ ಪ್ರತಿ ಸೇರಿದರೆ ಮಾತ್ರ ಮಗುವಿಗೆ ಬರುತ್ತದೆ. ಒಂದೇ ಮನೆತನದವರು ಮದುವೆಯಾದಾಗ ಆ ಸಾಧ್ಯತೆ ಏರುತ್ತದೆ. ಈ ಗುಂಪೊಂದರಲ್ಲೇ ಎರಡು ಡಜನ್‌ಗಿಂತ ಜಾಸ್ತಿ ಜೀನುಗಳಿವೆ. ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನುವ ಒಂದೇ ಹೆಸರಿನ ಕೆಳಗೆ ಇಷ್ಟೊಂದು ಬೇರೆ ಬೇರೆ ಕಾಯಿಲೆಗಳಿರುವಾಗ, ಯಾವ ಜೀನು ಅಂತ ತಿಳಿಯದೆ ಓಣಿಯಲ್ಲಿ ಕುಳಿತು ಕಾರಣ ಹೇಳುವುದು ಅನ್ಯಾಯ. ನಮ್ಮ ಮಾಮಾ ಮತ್ತು ಆ ಗೋಕಾಕದ ತಂದೆ ಇಬ್ಬರೂ ಒಂದೇ ಮಾತು ಕೇಳಿಸಿಕೊಂಡಿದ್ದರು.

ಮಾಮಾನ ಮೇಲಿನ ದೂರು ಹೋದ ಕೂಡಲೇ ಅದು ಹೆಂಗಸರ ಕಡೆ ತಿರುಗಿತು. ಮೇಡಂ ನಮ್ಮ ವಂಶದ ಚಿತ್ರ ಬರೆಯುವಾಗಲೇ ಅವ್ವನ ಬಗ್ಗೆ, ಆಯಿಯ ಬಗ್ಗೆ ಕೇಳಿದ್ದರು. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು, ಕಾಯಿಲೆ ಇದ್ದವರಿಗೆ ಕಪ್ಪು ತುಂಬಿದ ಚೌಕ. ಪೋಲಿಯೊ ಆಗಿತ್ತು ಅಂದ ಮಾವನ ಬಗ್ಗೆ ಒಂದೊಂದೇ ಕೇಳಿದರು. ಒಮ್ಮೆಲೇ ಕಾಲು ಹೋಯಿತಾ, ನಿಧಾನಕ್ಕಾ? ಎರಡೂ ಕಾಲಾ? ಮುಂಗಾಲ ಮೇಲೆ ನಡೆಯುತ್ತಿದ್ದನಾ? ಪೋಲಿಯೊ ಜ್ವರ ಬಂದು ಕೆಲವೇ ದಿನದಲ್ಲಿ ಕಾಲು ಕೆಡಿಸುತ್ತದೆ, ಆಮೇಲೆ ಅದು ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ವರ್ಷ ವರ್ಷ ಕುಸಿಯುತ್ತಾ ಹೋಗುವುದಿಲ್ಲ. ಆ ಚೌಕಕ್ಕೂ ಕಪ್ಪು ತುಂಬಿದರು.

ಅಕ್ಕನ ರಕ್ತ ಮೊದಲು ಹೋಯಿತು. ಮೂವರಲ್ಲಿ ಒಬ್ಬ ಹುಡುಗನಿಗೆ ತಪ್ಪು ಹೊಸದಾಗಿಯೇ ಆಗಿರುತ್ತದೆ, ತಾಯಿ ವಾಹಕಿ ಆಗಿರುವುದಿಲ್ಲ. ನಮ್ಮ ಮನೆಯ ಚಿತ್ರ ನೋಡಿದ ಮೇಲೆ ಆ ಆಸೆ ಇರಲಿಲ್ಲ. ಅಕ್ಕನದು ವಾಹಕಿ ಅಂತಲೇ ಬಂತು. ಆಮೇಲೆ ಅವ್ವನದೂ. ರಿಪೋರ್ಟಿನ ಚಿತ್ರದಲ್ಲಿ ಎಲ್ಲಾ ಎಕ್ಸಾನುಗಳ ಕಂಬ ಸಮ ನಿಂತಿರುತ್ತವೆ. ಹುಡುಗನ ಚಿತ್ರದಲ್ಲಿ 48, 49, 50ರ ಜಾಗ ಖಾಲಿ. ಅಕ್ಕನ, ಅವ್ವನ ಚಿತ್ರದಲ್ಲಿ ಅದೇ ಮೂರು ಕಂಬಗಳು ಅರ್ಧಕ್ಕೆ ನಿಂತಿದ್ದವು.

ಆಯಿಗೆ ಪರೀಕ್ಷೆಯೇ ಬೇಕಾಗಲಿಲ್ಲ. ಕಾಯಿಲೆ ಇದ್ದ ಮಗ, ವಾಹಕಿ ಮಗಳು, ಇಬ್ಬರೂ ಇದ್ದ ಮೇಲೆ ಆಕೆ ವಾಹಕಿ ಅನ್ನುವುದು ಬಹುತೇಕ ಖಾತ್ರಿ. ನಾನೇ ಕುಳಿತು ಆಯಿಗೆ ತಿಳಿಸಿ ಹೇಳಿದೆ. ಸವದತ್ತಿ ಎಲ್ಲಮ್ಮನಿಗೆ ಹೊತ್ತ ಹರಕೆ ತೀರಿಸಲು ತಡ ಮಾಡಿದ್ದಕ್ಕೆ ಮಗ ಹೋದ ಅಂತ ಆಕೆ ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಅವ್ವನಿಗೂ ಅದು ಗೊತ್ತಿರಲಿಲ್ಲ. "ಹಂಗಾದ್ರ ಹರಕಿ ಅಲ್ಲೇನವಾ?" ಅಂತ ಮತ್ತೆ ಮತ್ತೆ ಕೇಳಿದಳು. ಅಲ್ಲ ಆಯಿ, ನಿನ್ನ ಎರಡು ಎಕ್ಸ್‌ನಲ್ಲಿ ಯಾವುದು ಮಗನಿಗೆ ಹೋಗಬೇಕು ಅನ್ನುವುದು ಯಾರ ಕೈಯಲ್ಲೂ ಇರಲಿಲ್ಲ ಅಂದೆ.

ನನ್ನ ಸರದಿ ಬಂದಾಗ ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು. ಮದುವೆ ಆಗಲಿ, ಆಮೇಲೆ ಮಾಡಿಸಿದರಾಯಿತು ಅನ್ನುವುದು ಅವ್ವನ ಮಾತು. ಅವಳ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಗೊತ್ತಾಗುವ ಸಂಗತಿಯನ್ನು ಗೊತ್ತು ಮಾಡಿಕೊಳ್ಳದೆ ಇನ್ನೊಬ್ಬರ ಮನೆ ಸೇರಲು ನನಗೆ ಮನಸ್ಸಾಗಲಿಲ್ಲ. ಸಿಪಿಕೆ ಮಾಡಿಸಿ ಸುಮ್ನಾಗು ಅಂತಲೂ ಒಬ್ಬರು ಸಲಹೆ ಕೊಟ್ಟರು. ವಾಹಕಿಯರಲ್ಲಿ ಎಷ್ಟೋ ಜನರ ಸಿಪಿಕೆ ನಾರ್ಮಲ್ಲೇ ಇರುತ್ತದೆ. ಅದನ್ನು ನಂಬಿ ಕೂರುವ ಹಾಗಿಲ್ಲ.

ಇದಕ್ಕೆ ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಬಾಗಲಕೋಟೆಯಲ್ಲೇ ರಕ್ತ ತೆಗೆದು ಲ್ಯಾಬಿಗೆ ಕಳಿಸಿದರು. ಉಪವಾಸ ಇರಬೇಕಾಗಿಲ್ಲ. ಮುಖ್ಯವಾಗಿ ಬೇಕಾದದ್ದು ಅಕ್ಕನ ಮಗನ ರಿಪೋರ್ಟಿನ ಪ್ರತಿ. ಮನೆಯ ರೋಗಿಯಲ್ಲಿ ಏನು ಸಿಕ್ಕಿದೆ ಅಂತ ಲ್ಯಾಬಿನವರಿಗೆ ತಿಳಿದಿದ್ದರೆ ನಮ್ಮಲ್ಲೂ ಅದನ್ನೇ ಹುಡುಕುತ್ತಾರೆ, ಉತ್ತರ ಸ್ಪಷ್ಟ ಬರುತ್ತದೆ. ಹುಡುಗನಿಗೆ ಅಕ್ಷರ ತಪ್ಪು ಇದ್ದರೆ ಮನೆಯ ಹೆಂಗಸರಲ್ಲಿ ಆ ಒಂದು ಜಾಗ ನೋಡಿದರೆ ಸಾಕಾಗುತ್ತದೆ, ಖರ್ಚೂ ಇಳಿಯುತ್ತದೆ. ಅದಕ್ಕೇ ಹೇಳುವುದು, ಮಗುವಿನ ಪರೀಕ್ಷೆ ಮೊದಲು, ಹೆಂಗಸರದು ಆಮೇಲೆ. ಬಹಳ ಮನೆಗಳಲ್ಲಿ ಮಗು ತೀರಿಹೋದ ಮೇಲೆ ತಂಗಿಯರು ಪರೀಕ್ಷೆಗೆ ಬರುತ್ತಾರಂತೆ, ಆಗ ಏನು ಹುಡುಕಬೇಕು ಅಂತಲೇ ತಿಳಿಯದೆ ಕಷ್ಟವಾಗುತ್ತದೆ.

ನಾನೂ ವಾಹಕಿ.

ಕಾಗದ ನೋಡಿ ನಾನು ಅತ್ತೆ. ಅವ್ವ ನನಗಿಂತ ಜಾಸ್ತಿ ಅತ್ತಳು. ಮರುದಿನ ಸ್ಕೂಲಿಗೆ ಹೋದೆ. ವಾಹಕಿ ಅಂದರೆ ಮಕ್ಕಳ ವಿಷಯ ಮಾತ್ರ ಅಂತ ತಿಳಿಯಬೇಡಿ. ನಮ್ಮ ಹೃದಯದ ಸ್ನಾಯುವೂ ಕೆಲವರಲ್ಲಿ ಸೋಲಬಹುದು, ತೊಂದರೆ ಹೊರಗೆ ಕಾಣುವ ಮೊದಲೇ. ಹಾಗಾಗಿ ಕೆಲವು ವರ್ಷಕ್ಕೊಮ್ಮೆ ಇಸಿಜಿ, ಎಕೋ ಅನ್ನುವ ಹೃದಯದ ಸ್ಕ್ಯಾನು ಮಾಡಿಸಬೇಕು. ಅಕ್ಕ, ಅವ್ವ, ನಾನು ಮೂವರೂ ಮಾಡಿಸಿದೆವು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಅಂತ ಅವ್ವ ಹೇಳುತ್ತಲೇ ಇದ್ದಳು, ವಯಸ್ಸಾಯಿತು ಅಂತ ನಾವೆಲ್ಲ ಬಿಟ್ಟಿದ್ದೆವು. ಅವಳ ಹೃದಯ ಸ್ವಲ್ಪ ದುರ್ಬಲವಾಗಿರುವುದು ಎಕೋದಲ್ಲಿ ಕಂಡಿತು. ಈಗ ಮಾತ್ರೆ ನಡೆಯುತ್ತಿದೆ. ಮೊಮ್ಮಗನ ರಿಪೋರ್ಟು ಬರದಿದ್ದರೆ ಅವ್ವನ ಹೃದಯವನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಮುಂದೆ ನನಗೆ ಮಕ್ಕಳಾಗುವ ಬಗ್ಗೆಯೂ ಮೇಡಂ ವಿವರವಾಗಿ ಮಾತಾಡಿದರು. ಬಸಿರಿನ 11ರಿಂದ 13ನೇ ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು, ಇಲ್ಲವೇ 16ನೇ ವಾರದ ಸುಮಾರಿಗೆ ಗರ್ಭದ ನೀರು ತೆಗೆದು ಮಗುವಿಗೆ ಈ ಡಿಲೀಷನ್ ಇದೆಯೇ ಅಂತ ನೋಡಬಹುದು. ಅವ್ವ ಗಾಬರಿಯಾದಳು. ಬಾಗಲಕೋಟೆಯ ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ಲಿಂಗ ಪತ್ತೆ ಅಪರಾಧ ಅಂತ ಬೋರ್ಡು ಇದೆಯಲ್ಲ, ಜೈಲಿಗೆ ಹಾಕುತ್ತಾರೆ ಅಂದಳು. 1994ರ ಆ ಕಾನೂನು ಗಂಡೋ ಹೆಣ್ಣೋ ಅಂತ ತಿಳಿಯಲು ಪರೀಕ್ಷೆ ಮಾಡುವುದನ್ನು ನಿಲ್ಲಿಸಿದೆ. ಇಂಥ ಆನುವಂಶಿಕ ಕಾಯಿಲೆ ನೋಡಲು, ನೋಂದಾಯಿತ ಕೇಂದ್ರದಲ್ಲಿ, ತಾಯಿಯ ಒಪ್ಪಿಗೆಯಿಂದ ಮಾಡುವುದಕ್ಕೆ ಅದೇ ಕಾನೂನು ಅವಕಾಶ ಕೊಟ್ಟಿದೆ.

ಇದನ್ನೆಲ್ಲ ಕೇಳುತ್ತಾ ಕುಳಿತಿದ್ದ ಅಕ್ಕ ನಡುವೆ ಒಂದು ಮಾತು ಕೇಳಿದಳು. "ಹಂಗಾದ್ರ ನನ್ನ ಮಗ ಹುಟ್ಟಬಾರದಾಗಿತ್ತೇನ್ರೀ?" ಮೇಡಂ ತಕ್ಷಣ ಏನೂ ಹೇಳಲಿಲ್ಲ. ಆಮೇಲೆ, ಹುಟ್ಟಿದ ಮಗುವಿನ ಬೆಲೆ ಕಟ್ಟಲು ಈ ಪರೀಕ್ಷೆ ಇಲ್ಲ, ಮುಂದೆ ಏನು ಮಾಡಬೇಕು ಅಂತ ತಾಯಿ ತಂದೆ ತಿಳಿದು ನಿರ್ಧರಿಸಲಿ ಅಂತ ಇದೆ, ಮಾಡಿಸದೆ ಇರುವುದೂ ಅವರ ನಿರ್ಧಾರವೇ ಅಂದರು. ಅಕ್ಕನಿಗೆ ಸಮಾಧಾನವಾಯಿತೋ ಇಲ್ಲವೋ ಗೊತ್ತಿಲ್ಲ. ನನಗೆ ಆಗಲಿಲ್ಲ. ಅವನು ನನ್ನನ್ನು ಚಿಗವ್ವಾ ಅಂತ ಕೂಗಿ ಚೆಸ್ ಆಡಲು ಕರೆಯುವ ಹುಡುಗ. ನನ್ನ ಮಗು ಈ ಕಷ್ಟ ಪಡದಿರಲಿ ಅನ್ನುವ ಆಸೆಯೂ ಇವನ ಮೇಲಿನ ಪ್ರೀತಿಯೂ ಎರಡೂ ನನ್ನಲ್ಲಿ ಇವೆ. ಒಂದಕ್ಕಾಗಿ ಇನ್ನೊಂದನ್ನು ಬಿಡಲು ನನ್ನಿಂದ ಆಗುವುದಿಲ್ಲ.

ನೋಡಲು ಬಂದ ಮೊದಲ ಮನೆಯವರಿಗೆ ವಿಷಯ ಹೇಳಿದೆವು. ಅವರು ಮುಂದೆ ಬರಲಿಲ್ಲ. ಎರಡನೆಯವರು ಬೆಳಗಾವಿಯವರು. ಹುಡುಗ ಆ ಭಾಗಾಕಾರದ ಲೆಕ್ಕವನ್ನು ನನ್ನಿಂದ ಬರೆಸಿಕೊಂಡು ನೋಡಿದ, ಮೇಡಂ ಜೊತೆ ಫೋನಿನಲ್ಲಿ ಮಾತಾಡಿದ, ಆಮೇಲೆ ತನ್ನ ತಾಯಿಗೆ ತಾನೇ ಹೇಳಿದ. ನಿಶ್ಚಯ ಆಗಿದೆ.

ಅಕ್ಕನಿಗೆ ಒಬ್ಬಳು ಸಣ್ಣ ಮಗಳಿದ್ದಾಳೆ. ಅವಳ ರಕ್ತವನ್ನೂ ಕಳಿಸಬೇಕು ಅಂತ ಮಾಮಾನ ಹಟ. "ಈಗ ಮಾಡಿಸಿಬಿಡೂಣು, ಒಮ್ಮೆ ಗೊತ್ತಾದ್ರ ನಿಶ್ಚಿಂತಿ" ಅಂದ. ಮೇಡಂ ಬೇಡ ಅಂದರು. ವಾಹಕಿಯೋ ಅಲ್ಲವೋ ಅನ್ನುವುದರಿಂದ ಈ ವಯಸ್ಸಿನಲ್ಲಿ ಅವಳ ಔಷಧೋಪಚಾರ ಏನೂ ಬದಲಾಗುವುದಿಲ್ಲ, ದೊಡ್ಡವಳಾಗಿ ಅವಳೇ ಕೇಳಿ ಮಾಡಿಸಿಕೊಳ್ಳಲಿ, ಸುಸ್ತು ಅಥವಾ ಬೀಳುವುದು ಕಂಡರೆ ಮಾತ್ರ ಈಗಲೇ ನೋಡೋಣ ಅಂದರು. ನನಗೂ ಇದೇ ಸರಿ ಅನ್ನಿಸಿತು. ನಮ್ಮ ಕಡೆ ಹೆಣ್ಣುಮಗುವಿನ ಬಗ್ಗೆ ಇಂಥ ಒಂದು ಕಾಗದ ಇದೆ ಅಂತ ಗೊತ್ತಾದರೆ ಅವಳು ಬೆಳೆಯುವ ಮೊದಲೇ ಊರೆಲ್ಲ ಅವಳ ಮದುವೆ ಬಗ್ಗೆ ಮಾತಾಡಿ ಮುಗಿಸುತ್ತದೆ. ಮಾಮಾ ಬಹಳ ದಿನ ಒಪ್ಪಲಿಲ್ಲ, ಈಗ ಒಪ್ಪಿದ್ದಾನೆ. ಅಣ್ಣನ ರಿಪೋರ್ಟಿನ ಒಂದು ಪ್ರತಿಯನ್ನು ಅವಳ ಹೆಸರಿನ ಫೈಲಿನಲ್ಲಿ ಇಟ್ಟಿದ್ದೇವೆ.

ಹುಡುಗನ ಚಿಕಿತ್ಸೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಯಿಲೆ ಪೂರ್ತಿ ಹೋಗಿಸುವ ಔಷಧಿ ಇನ್ನೂ ಇಲ್ಲ. ಅವನಿಗೆ ಸ್ಟೆರಾಯ್ಡ್ ಮಾತ್ರೆ ಶುರು ಮಾಡಿದ್ದಾರೆ. ಅದು ನಡೆಯುವ ಶಕ್ತಿಯನ್ನು ಕೆಲವು ವರ್ಷ ಜಾಸ್ತಿ ಉಳಿಸುತ್ತದೆ. ತೂಕ ಏರುತ್ತದೆ, ಮೂಳೆ ಸವೆಯುತ್ತದೆ, ಹಾಗಾಗಿ ಊಟ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಕೊಳ್ಳಬೇಕು. ಏನೇ ಆದರೂ ಒಮ್ಮೆಲೇ ನಿಲ್ಲಿಸಬಾರದು. ಹಿಮ್ಮಡಿಯ ಸ್ನಾಯುರಜ್ಜು ಬಿಗಿಯದಂತೆ ದಿನಾ ಕಾಲು ಚಾಚಿಸುವ ಕೆಲಸ ಮಾಮಾನದು. ಯಾವುದೇ ಆಪರೇಷನ್ ಇದ್ದರೂ ಅರಿವಳಿಕೆ ಡಾಕ್ಟರಿಗೆ ಡಿಎಂಡಿ ಅಂತ ಮೊದಲೇ ಹೇಳಬೇಕು, ಅರಿವಳಿಕೆಗೆ ಬಳಸುವ ಕೆಲವು ಔಷಧಿಗಳು ಈ ಮಕ್ಕಳ ಜೀವಕ್ಕೇ ಅಪಾಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯೂ ಇದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡು ಮಾಡಿಸಿದ ಮೇಲೆ ಶಾಲೆಯವರು ಅವನ ತರಗತಿಯನ್ನು ಕೆಳಗಿನ ಕೋಣೆಗೆ ತಂದರು.

51ನೇ ಎಕ್ಸಾನಿನ ಕಥೆಯನ್ನೂ ಹೇಳಬೇಕು. ಅದರಲ್ಲಿ 233 ಅಕ್ಷರ ಇವೆ. ನಮ್ಮ ಹುಡುಗನಿಗೆ ಹೋದದ್ದು 397. ಎರಡೂ ಸೇರಿದರೆ 630, ಮೂರರಿಂದ ಸರಿಯಾಗಿ ಹೋಗುತ್ತದೆ. ಅಂದರೆ 51ನ್ನೂ ಓದದಂತೆ ಮುಚ್ಚಿಬಿಟ್ಟರೆ ಮುಂದಿನದು ಮತ್ತೆ ಸರಿ ಓದಿಸಿಕೊಳ್ಳುತ್ತದೆ. "ಮ" ಹೋದ ಮೇಲೆ "ನೆಗೆ"ಯನ್ನೂ ಮುಚ್ಚಿ "ಅವನು ಬರಲು ಹೊರಟ" ಅಂತ ಓದಿದ ಹಾಗೆ. ಇದನ್ನೇ ಮಾಡುವ ಎಟೆಪ್ಲಿರ್ಸೆನ್ ಎಂಬ ಔಷಧಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿದೆ. ಡಿಎಂಡಿ ಇರುವ ನೂರರಲ್ಲಿ ಸುಮಾರು 13 ಹುಡುಗರಿಗೆ ಇದು ಹೊಂದುತ್ತದೆ, ನಮ್ಮವನು ಅವರಲ್ಲಿ ಒಬ್ಬ. ಅದನ್ನು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಬೇಕು, ಬೆಲೆ ಕೋಟಿಗಳಲ್ಲಿ, ಸಿಗುವ ಪ್ರಯೋಜನವೂ ಇನ್ನೂ ಸಣ್ಣದು. ಹೊಲ ಮಾರಿದರೂ ನಮ್ಮಿಂದ ಆಗದು. ಆದರೆ ಮುಂದೆ ಯಾವ ಔಷಧಿ, ಯಾವ ಪ್ರಯೋಗ ಬಂದರೂ ಮೊದಲು ಕೇಳುವುದು ಎಕ್ಸಾನ್ ನಂಬರನ್ನೇ. ಆ ನಂಬರು ನಮ್ಮ ಕೈಯಲ್ಲಿದೆ. ಈ ನಡುವೆ ಸ್ಟೆಮ್ ಸೆಲ್ ಹಾಕಿ ನಡೆಸುತ್ತೇವೆ ಅಂತ ದೂರದ ಊರಿನ ಒಂದು ಕ್ಲಿನಿಕ್ಕು ಲಕ್ಷಗಳ ಪ್ಯಾಕೇಜು ಹೇಳಿತು. ಅದು ಈ ಕಾಯಿಲೆಗೆ ಒಪ್ಪಿಗೆ ಇರುವ ಚಿಕಿತ್ಸೆ ಅಲ್ಲ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ನಿಯಮದಂತೆ ಪ್ರಯೋಗವಾಗಿ ಮಾತ್ರ ಮಾಡಬಹುದು, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ ಅಂತ ಡಾಕ್ಟರು ಹೇಳಿದ್ದರಿಂದ ಉಳಿದೆವು.

ಕೊನೆಗೆ ಉಳಿದದ್ದು ಜಮಖಂಡಿಯ ದೊಡ್ಡವ್ವ. ಆಕೆಗೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಆಗ ಬಸಿರು. ನಾನೂ ಅವ್ವನೂ ಫೈಲು ಹಿಡಿದುಕೊಂಡು ಹೋದೆವು. "ನನಗ ಅರವತ್ತು ದಾಟ್ಯಾವು, ನನಗ್ಯಾಕ ಬೇಕವಾ ಈ ಪರೀಕ್ಷಿ?" ಅಂದಳು. ನಿನ್ನ ಹೆಣ್ಣುಮಕ್ಕಳ ಸಲುವಾಗಿ ದೊಡ್ಡವ್ವ, ನಿನ್ನಲ್ಲಿ ಇಲ್ಲದಿದ್ದರೆ ಅವರಲ್ಲೂ ಇರುವುದಿಲ್ಲ, ಒಬ್ಬಳದು ಮಾಡಿಸಿದರೆ ಮೂವರ ಲೆಕ್ಕ ಮುಗಿಯಬಹುದು ಅಂದೆ. ಬಸಿರು ಹೆಂಗಸಿನ ವಿಷಯ ಆದ್ದರಿಂದ ಲ್ಯಾಬಿನವರಿಗೆ ಬೇಗ ಮಾಡಿಕೊಡಿ ಅಂತ ಚೀಟಿ ಬರೆಸಿದೆವು.

ದೊಡ್ಡವ್ವನ ಚಿತ್ರದಲ್ಲಿ 48, 49, 50ರ ಕಂಬಗಳು ಉಳಿದವುಗಳ ಸಮಕ್ಕೆ ನಿಂತಿದ್ದವು. ಅವಳು ವಾಹಕಿ ಅಲ್ಲ. ಅವಳ ಇಬ್ಬರು ಹೆಣ್ಣುಮಕ್ಕಳಾಗಲಿ, ಅವರಿಗೆ ಹುಟ್ಟುವವರಾಗಲಿ, ನಮ್ಮ ಮನೆಯ ಈ ಡಿಲೀಷನ್‌ಗಾಗಿ ರಕ್ತ ಕೊಡಬೇಕಾಗಿಲ್ಲ. ಫೋನಿನಲ್ಲಿ ಹೇಳಿದಾಗ ಬಸಿರಾಗಿದ್ದ ತಂಗಿ ಮಾತೇ ಆಡಲಿಲ್ಲ, ಅವಳ ಗಂಡ ಫೋನು ತೆಗೆದುಕೊಂಡು ಮತ್ತೊಮ್ಮೆ ಹೇಳ್ರೀ ಅಂದರು. ಮತ್ತೊಮ್ಮೆ ಹೇಳಿದೆ.